ಹಳೇ ರಸ್ತೆಯ ಮೇಲ್ಪದರ, ಹೊಸ ರಸ್ತೆಯ ತಳಪಾಯ

ರಾತ್ರಿ ಹೊತ್ತು ಬೆಂಗಳೂರಿನ ದೊಡ್ಡ ರಸ್ತೆಗಳಲ್ಲಿ ಮಿಲ್ಲಿಂಗ್ ಯಂತ್ರ ಓಡುವುದನ್ನು ನೋಡಿದ್ದೀರಾ? ಹಲ್ಲುಗಳಿರುವ ಉರುಳೆ ಡಾಂಬರನ್ನು ಕೆರೆಯುತ್ತಾ ಹೋಗುತ್ತದೆ, ಕೆರೆದದ್ದು ಬೆಲ್ಟ್ ಹತ್ತಿ ಮುಂದಿರುವ ಟಿಪ್ಪರ್‌ಗೆ ಬೀಳುತ್ತದೆ. ಕೆರೆಯದೆ ಪದರದ ಮೇಲೆ ಪದರ ಹಾಕುತ್ತಾ ಬಂದರೆ ರಸ್ತೆ ಹೊಸ್ತಿಲಿಗಿಂತ ಎತ್ತರವಾಗಿ ಮಳೆ ನೀರು ಮನೆಯೊಳಗೆ ಬರುತ್ತದೆ. ಹಾಗಾಗಿ ಕೆರೆಯಲೇಬೇಕು. ನನ್ನನ್ನು ಕಾಡುವುದು ಆ ಟಿಪ್ಪರ್ ಎಲ್ಲಿಗೆ ಹೋಗುತ್ತದೆ ಅನ್ನುವುದು.

ಅದರಲ್ಲಿರುವುದು ತೂಕದಲ್ಲಿ ಸುಮಾರು ಶೇ. 95 ಜಲ್ಲಿ ಮತ್ತು ಕಲ್ಲಿನ ಪುಡಿ. ಉಳಿದ ಶೇ. 5 ಬಿಟುಮೆನ್, ಅಂದರೆ ಆ ಕಪ್ಪು ಅಂಟು. 7 ಮೀಟರ್ ಅಗಲದ ರಸ್ತೆಯಲ್ಲಿ 10 ಸೆಂಟಿಮೀಟರ್ ಕೆರೆದರೆ ಒಂದು ಕಿಲೋಮೀಟರಿಗೆ 1,600 ಟನ್ ಹತ್ತಿರ ಬರುತ್ತದೆ. ಒಮ್ಮೆ ಬಂಡೆ ಸಿಡಿಸಿ, ಕ್ರಷರ್‌ನಲ್ಲಿ ಒಡೆದು ತಂದ ಕಲ್ಲು ಇದು. ಇದನ್ನು ಎಲ್ಲೋ ಸುರಿದು ಮತ್ತೊಂದು ಬಂಡೆಗೆ ಸಿಡಿಮದ್ದು ಇಡುವುದು ನೋಡಿದರೆ ಸಂಕಟವಾಗುತ್ತದೆ.

ಹಾಗಂತ ಕೆರೆದದ್ದನ್ನು ಹೊಸ ರಸ್ತೆಯ ತಳಪಾಯಕ್ಕೆ ಸುಮ್ನೆ ಹರಡಿ ರೋಲರ್ ಓಡಿಸಿದರೆ ಆಯ್ತಾ? ಇಲ್ಲ. ಡಾಂಬರಿನ ಕೆಳಗೆ ಒಂದು ಜಲ್ಲಿ ಪದರ ಇರುತ್ತದಲ್ಲ, ವೆಟ್ ಮಿಕ್ಸ್ ಅಂತಾರೆ, ಅದು ಲಾರಿಯ ಭಾರವನ್ನು ಹರಡಿ ಕೆಳಗಿನ ಮಣ್ಣಿಗೆ ದಾಟಿಸುತ್ತದೆ. ಜಲ್ಲಿಯ ಚೂಪು ಮೂಲೆಗಳು ಒಂದನ್ನೊಂದು ಕಚ್ಚಿಕೊಂಡಿರುವುದೇ ಅದರ ಬಲ. ಹಳೇ ಡಾಂಬರಿನ ಕಲ್ಲಿಗೆ ಬಿಟುಮೆನ್ ಪೊರೆ ಮೆತ್ತಿರುತ್ತದೆ, ಹಾಗಾಗಿ ಆ ಕಚ್ಚು ಸಡಿಲ. ಒಂದು ಲಾರಿ ಹಾದಾಗ ಬಗ್ಗಿ ವಾಪಸ್ ಏಳುವುದರಲ್ಲಿ ಇದು ಹೊಸ ಜಲ್ಲಿಗೆ ಸರಿಸಮ, ಎಷ್ಟೋ ಪರೀಕ್ಷೆಗಳಲ್ಲಿ ಅದಕ್ಕಿಂತ ಮೇಲು. ಆದರೆ ಲಕ್ಷಾಂತರ ಸಲ ಚಕ್ರ ಉರುಳಿದಾಗ, ಅದರಲ್ಲೂ ಬಿಸಿಲಿಗೆ ಬಿಟುಮೆನ್ ಮೆತ್ತಗಾದಾಗ, ಕಲ್ಲುಗಳು ಚೂರು ಚೂರೇ ಜಾರಿ ವಾಪಸ್ ಬರದ ಕುಸಿತ ಉಳಿಯುತ್ತದೆ. ಮೇಲೆ ಚಕ್ರದ ಹಳ್ಳ ಬೀಳುತ್ತದೆ.

ಅದಕ್ಕೇ ಹೊಸ ಜಲ್ಲಿ ಬೆರೆಸುತ್ತಾರೆ, ಎಷ್ಟೋ ಕಡೆ ಅರ್ಧಕ್ಕರ್ಧ. ಇಲ್ಲವೇ ಸ್ವಲ್ಪ ಸಿಮೆಂಟ್ ಹಾಕುತ್ತಾರೆ. ನನಗೆ ತುಂಬಾ ಇಷ್ಟವಾದದ್ದು ನೊರೆ ಬಿಟುಮೆನ್ ವಿಧಾನ. 160 ಡಿಗ್ರಿ ದಾಟಿದ ಬಿಟುಮೆನ್‌ಗೆ ಶೇ. 2-3ರಷ್ಟು ತಣ್ಣೀರು ಚಿಮುಕಿಸಿದರೆ ನೀರು ಥಟ್ಟನೆ ಆವಿಯಾಗಿ, ಬಿಟುಮೆನ್ ಕಾಯಿಸಿದ ಹಾಲಿನಂತೆ ಹತ್ತು ಪಟ್ಟಿನಷ್ಟು ಉಕ್ಕುತ್ತದೆ. ಆ ಕೆಲವೇ ಸೆಕೆಂಡುಗಳಲ್ಲಿ ಕೆರೆದ ಮಾಲಿಗೆ ಬೆರೆಸಿದರೆ ಅದು ಅದರಲ್ಲಿನ ಸಣ್ಣ ಪುಡಿಗೆ ಚುಕ್ಕೆ ಚುಕ್ಕೆಯಾಗಿ ಅಂಟಿ, ಆ ಚುಕ್ಕೆಗಳೇ ದೊಡ್ಡ ಕಲ್ಲುಗಳನ್ನು ಹಿಡಿದು ನಿಲ್ಲಿಸುತ್ತವೆ. ಹಳೇ ಡಾಂಬರನ್ನು ಕಾಯಿಸುವುದೇ ಬೇಡ, ಅಷ್ಟು ಇಂಧನ ಉಳಿಯಿತು! ಅಮೆರಿಕದ ಅಯೋವಾದಲ್ಲಿ ಪ್ರೊಫೆಸರ್ ಲಾಡಿಸ್ ಚಾನಿ 1950ರ ದಶಕದಲ್ಲೇ ಹಬೆ ಹಾಯಿಸಿ ಇದನ್ನು ಮಾಡಿ ತೋರಿಸಿದ್ದರು. ನಮ್ಮಲ್ಲೂ ರಸ್ತೆ ಕೆಲಸಕ್ಕೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲಿ ಡಾಂಬರು ಮರುಬಳಕೆಗೆಂದೇ ಮಾರ್ಗಸೂಚಿ ತಂದಿದೆ.

ಇಷ್ಟೆಲ್ಲ ಆಗಬೇಕಾದರೆ ಕೆರೆದ ಮಾಲು ಶುದ್ಧವಾಗಿರಬೇಕು. ಜರಡಿ ಹಿಡಿದು, ಗಾತ್ರ ನೋಡಿ, ಬಿಸಿಲಿಗೆ ಮತ್ತೆ ಅಂಟಿ ಗಡ್ಡೆ ಕಟ್ಟದ ಹಾಗೆ ರಾಶಿಯನ್ನು ತಗ್ಗಾಗಿ ಇಡಬೇಕು. ಟಿಪ್ಪರ್ ಅದನ್ನು ಒಮ್ಮೆ ಯಾವುದೋ ಖಾಲಿ ಸೈಟಿನಲ್ಲಿ ಸುರಿದು, ಮಣ್ಣು, ಇಟ್ಟಿಗೆ ಚೂರು, ಪ್ಲಾಸ್ಟಿಕ್ ಬೆರೆತುಹೋದರೆ, ಆ ಕಲ್ಲನ್ನು ಮತ್ತೆ ರಸ್ತೆಯ ಕೆಳಗೆ ನಂಬಿ ಹಾಕಲು ಯಾವ ಇಂಜಿನಿಯರೂ ಒಪ್ಪುವುದಿಲ್ಲ.