ಕೃತಕ ಬುದ್ಧಿಮತ್ತೆಯ ಪೇಟೆಂಟ್‌ಗಳು: ಬೆಳವಣಿಗೆಯ ಲೆಕ್ಕ, ಸಹಯೋಗದ ಲೆಕ್ಕ

ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 1950ರ ದಶಕದಿಂದ 2016ರ ಕೊನೆಯವರೆಗೆ ಕೃತಕ ಬುದ್ಧಿಮತ್ತೆಗೆ ಸಂಬಂಧಿಸಿದ ಸುಮಾರು 3.4 ಲಕ್ಷ ಆವಿಷ್ಕಾರಗಳಿಗೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಗಿತ್ತು; ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕಿಗೆ ಬಂದದ್ದು 2013ರಿಂದ ಈಚೆಗೆ. ಈ ಏರಿಕೆ ಎಲ್ಲಿಗೆ ಮುಟ್ಟೀತು, ಇದರಲ್ಲಿ ದೇಶಗಳು ಒಟ್ಟಾಗಿ ದುಡಿದದ್ದೆಷ್ಟು ಎಂಬ ಎರಡು ಪ್ರಶ್ನೆಗಳು ಅಂದಿನಿಂದಲೂ ಜೊತೆಯಾಗಿಯೇ ಸಾಗಿ ಬಂದಿವೆ.

ಮೊದಲನೆಯದಕ್ಕೆ ಬಳಕೆಯಾಗುವ ಗಣಿತ ಹಳೆಯದು. ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್ 1838ರಲ್ಲಿ ಜನಸಂಖ್ಯೆಯ ಬೆಳವಣಿಗೆಗೆಂದು ರೂಪಿಸಿದ ಲಾಜಿಸ್ಟಿಕ್ ಸಮೀಕರಣವನ್ನು 1960ರ ದಶಕದ ಹೊತ್ತಿಗೆ ವಿಜ್ಞಾನದ ಇತಿಹಾಸಕಾರ ಡೆರೆಕ್ ಪ್ರೈಸ್ ವಿಜ್ಞಾನದ ಬೆಳವಣಿಗೆಗೇ ಅನ್ವಯಿಸಿದರು. ನಿಧಾನವಾದ ಆರಂಭ, ರಭಸದ ಏರಿಕೆ, ಕೊನೆಗೆ ಒಂದು ಮಿತಿ: ಇದು ಆ ರೇಖೆಯ ಸ್ವಭಾವ. ಆದರೆ ಏರಿಕೆಯ ರಭಸ ಇನ್ನೂ ತಗ್ಗದ ಹಂತದಲ್ಲಿ ಮಿತಿಯನ್ನು ಅಂದಾಜಿಸಹೊರಟರೆ, ಒಂದೆರಡು ವರ್ಷದ ಅಂಕಿಗಳನ್ನು ಸೇರಿಸಿದರೂ ಬಿಟ್ಟರೂ ಉತ್ತರ ಬಹಳವಾಗಿ ಬದಲಾಗುತ್ತದೆ. ಇದಲ್ಲದೆ 2012ರ ನಂತರದ ಆಳ ಕಲಿಕೆ (ಹಲವು ಪದರಗಳ ನರಜಾಲಗಳ ಮೂಲಕ ಕಂಪ್ಯೂಟರಿಗೆ ಕಲಿಸುವ ವಿಧಾನ) ಹಾಗೂ 2017ರಲ್ಲಿ ಬಂದ, ಇಂದಿನ ಭಾಷಾ ಮಾದರಿಗಳಿಗೆ ಆಧಾರವಾದ ಟ್ರಾನ್ಸ್‌ಫಾರ್ಮರ್ ವಿನ್ಯಾಸ ಬೇರೆ ಬೇರೆ ಅಲೆಗಳನ್ನೇ ಎಬ್ಬಿಸಿದ್ದರಿಂದ, ಇಡೀ ಕ್ಷೇತ್ರಕ್ಕೆ ಒಂದೇ ರೇಖೆಯನ್ನು ಹೊಂದಿಸುವುದು ನನಗೆ ಸರಿಯೆನಿಸುವುದಿಲ್ಲ. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳ ನಂತರವಷ್ಟೇ ಪ್ರಕಟವಾಗುವುದರಿಂದ ರೇಖೆಯ ತುದಿಯಲ್ಲಿ ಕಾಣುವ ಇಳಿತವನ್ನೂ ನಂಬಲಾಗದು.

ಸಹಯೋಗದ ಲೆಕ್ಕ ಇನ್ನೂ ತೊಡಕಿನದು. ಒಂದೇ ಅರ್ಜಿಯಲ್ಲಿ ಎರಡು ದೇಶಗಳ ಆವಿಷ್ಕಾರಕರ ವಿಳಾಸವಿದ್ದರೆ ಅದನ್ನು ಅಂತರರಾಷ್ಟ್ರೀಯ ಸಹಯೋಗವೆಂದು ಗಣಿಸುವುದು ರೂಢಿ. ಆದರೆ ಆ ಇಬ್ಬರೂ ಒಂದೇ ಬಹುರಾಷ್ಟ್ರೀಯ ಕಂಪನಿಯ ಎರಡು ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರಾಗಿರಬಹುದು. ಅರ್ಜಿದಾರರ ಹೆಸರುಗಳನ್ನೇ ಎಣಿಸೋಣವೆಂದರೆ ಅಲ್ಲಿ ಕಾನೂನು ಅಡ್ಡ ಬರುತ್ತದೆ: ಜಂಟಿ ಒಡೆತನದ ಪೇಟೆಂಟ್‌ಗೆ ಅಮೆರಿಕದಲ್ಲಿ ಒಬ್ಬ ಒಡೆಯ ಇನ್ನೊಬ್ಬನ ಒಪ್ಪಿಗೆಯಿಲ್ಲದೆ ಪರವಾನಗಿ ಕೊಡಬಹುದು, ಬ್ರಿಟನ್ನಿನಲ್ಲಿ ಹಾಗೆ ಕೊಡುವಂತಿಲ್ಲ. ಈ ತೊಡಕಿಗೆ ಸಿಲುಕಲೊಲ್ಲದ ಸಂಸ್ಥೆಗಳು ಒಟ್ಟಾಗಿ ಸಂಶೋಧನೆ ನಡೆಸಿದರೂ ಒಡೆತನವನ್ನು ಒಪ್ಪಂದದ ಮೂಲಕ ಒಬ್ಬರ ಹೆಸರಿಗೇ ಬಿಡುವುದುಂಟು. ಆಗ ನಿಜವಾದ ಪಾಲುದಾರಿಕೆ ಅರ್ಜಿದಾರರ ಪಟ್ಟಿಯಿಂದ ಮರೆಯಾಗುತ್ತದೆ.

ದೇಶದಿಂದ ದೇಶಕ್ಕೆ ಅರ್ಜಿಗಳ ಸಂಖ್ಯೆಯಲ್ಲಿರುವ ವ್ಯತ್ಯಾಸವೂ ಈ ಲೆಕ್ಕವನ್ನು ಕೆಡಿಸುತ್ತದೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ 2024ರ ವರದಿಯಂತೆ, 2014ರಿಂದ 2023ರ ನಡುವಿನ ಸುಮಾರು 54,000 ಜನರೇಟಿವ್ (ಹೊಸ ಪಠ್ಯ, ಚಿತ್ರ ಮುಂತಾದವನ್ನು ಸೃಷ್ಟಿಸುವ) ಕೃತಕ ಬುದ್ಧಿಮತ್ತೆ ಆವಿಷ್ಕಾರಗಳಲ್ಲಿ 38,000ಕ್ಕೂ ಹೆಚ್ಚು ಚೀನಾದಿಂದ ಬಂದವು. ಎರಡನೆಯ ಸ್ಥಾನದ ಅಮೆರಿಕದ್ದು ಸುಮಾರು 6,300. ಒಂದು ದೇಶದ ಆಂತರಿಕ ಅರ್ಜಿಗಳು ಇಷ್ಟು ವೇಗವಾಗಿ ಹೆಚ್ಚಿದಾಗ, ಜಂಟಿ ಅರ್ಜಿಗಳ ಸಂಖ್ಯೆ ಏರುತ್ತಿದ್ದರೂ ಒಟ್ಟಿನಲ್ಲಿ ಅವುಗಳ ಶೇಕಡಾ ಪ್ರಮಾಣ ಕುಸಿಯಬಹುದು. ಆ ಕುಸಿತವನ್ನಷ್ಟೇ ನೋಡಿ ದೇಶಗಳು ದೂರವಾಗುತ್ತಿವೆ ಎನ್ನುವುದು ಅವಸರದ ಮಾತು. ಅದಕ್ಕಾಗಿಯೇ ವಿಶ್ಲೇಷಕರು, ಒಟ್ಟು ಸಂಖ್ಯೆಯ ಪ್ರಭಾವವನ್ನು ತಗ್ಗಿಸಲು, ಎರಡು ದೇಶಗಳ ಜಂಟಿ ಅರ್ಜಿಗಳನ್ನು ಆ ದೇಶಗಳ ಒಟ್ಟು ಅರ್ಜಿಗಳ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿ ನೋಡುತ್ತಾರೆ. ಜೊತೆಗೆ, ಸ್ವದೇಶದಲ್ಲಷ್ಟೇ ಸಲ್ಲಿಕೆಯಾದವನ್ನು ಹೊರಗಿಡಲು, ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಸಲ್ಲಿಕೆಯಾದ ಆವಿಷ್ಕಾರಗಳನ್ನು ಮಾತ್ರ ಆಯ್ದು ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡುತ್ತಾರೆ.