ಧೂಳಿನ ಊರಿನಲ್ಲಿ ಒಂದು ಬೀಡಿಯ ಲೆಕ್ಕ

ಸಂಡೂರಿನ ಕಡೆಯಿಂದ ಅದಿರು ಹೊತ್ತು ಬರುವ ಲಾರಿಗಳ ಹಾದಿಯಲ್ಲಿರುವವರಿಗೆ ಧೂಳಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನಕ್ಕೆ ಬೆರಳಿನಿಂದ ಹೆಸರು ಬರೆಯಬಹುದು. ಹಾಗಾಗಿ ಬಳ್ಳಾರಿ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ, ನನ್ನ ಸೇವಾ ಪುಸ್ತಕದ ಒಂದು ತಿದ್ದುಪಡಿಗಾಗಿ ಕಾಯುತ್ತಿದ್ದಾಗ, ಕಡತಗಳ ಕೋಣೆಯ ಹಿರಿಯ ನೌಕರರು ಬೀಡಿ ಹಚ್ಚುತ್ತಾ ಕೇಳಿದ ಪ್ರಶ್ನೆ ನನಗೆ ಮೊಂಡುವಾದ ಅನ್ನಿಸಲಿಲ್ಲ. "ಇಷ್ಟು ಧೂಳು ಕುಡಿಯುವ ಊರಿನಲ್ಲಿ ನನ್ನದೊಂದು ಬೀಡಿ ಯಾವ ಲೆಕ್ಕ ಸರ್?"

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಪ್ರಶ್ನೆ ಒಳ್ಳೆಯದಿತ್ತು, ಉತ್ತರವೂ ಆ ಕೋಣೆಯಲ್ಲೇ ಇತ್ತು. ಮೇಲಿನ ಸಣ್ಣ ಕಿಟಕಿಯಿಂದ ಬಿಸಿಲಿನ ಕೋಲೊಂದು ಓರೆಯಾಗಿ ಇಳಿದಿತ್ತು. ಬೀಡಿಯ ತುದಿಯಿಂದ ಎದ್ದ ಹೊಗೆಯ ಎಳೆ ಆ ಬೆಳಕಿನಲ್ಲಿ ತೆಳುನೀಲಿಯಾಗಿ ಕಾಣುತ್ತಿತ್ತು. ಅವರು ದಮ್ಮು ಎಳೆದು ಬಾಯಿಂದ ಬಿಟ್ಟ ಹೊಗೆ ಮಾತ್ರ ಬೂದು ಬಿಳಿ. ಒಂದೇ ಬೀಡಿ, ಎರಡು ಬಣ್ಣ. ತುದಿಯಿಂದ ನೇರವಾಗಿ ಏಳುವ ಹೊಗೆಯ ಕಣಗಳು ಬಹಳ ಸಣ್ಣವು. ಬೆಳಕಿನ ನೀಲಿ ಭಾಗವನ್ನೇ ಅವು ಹೆಚ್ಚಾಗಿ ಚದುರಿಸುತ್ತವೆ. ಬಾಯಿ ಮತ್ತು ಶ್ವಾಸಕೋಶದ ತೇವದಲ್ಲಿ ಹಾದುಬಂದ ಕಣಗಳು ನೀರು ಹೀರಿ, ಒಂದಕ್ಕೊಂದು ಅಂಟಿ ದಪ್ಪವಾಗಿರುತ್ತವೆ. ಅವು ಎಲ್ಲ ಬಣ್ಣಗಳನ್ನೂ ಸಮನಾಗಿ ಚದುರಿಸುವುದರಿಂದ ಬಿಳುಪು. ಆ ನೀಲಿ ಎಳೆ ಯಾರ ಶ್ವಾಸಕೋಶದಲ್ಲೂ ಸೋಸಿ ಬಂದದ್ದಲ್ಲ. ಅದು ನೇರವಾಗಿ ಕೋಣೆಗೆ, ಅಂದರೆ ಎದುರಿಗೆ ಕುಳಿತ ನನಗೆ ಬರುತ್ತಿತ್ತು.

ಧೂಳಿಗೂ ಹೊಗೆಗೂ ಇರುವ ವ್ಯತ್ಯಾಸ ಈ ಗಾತ್ರದಲ್ಲಿದೆ. ಮೇಜಿನ ಮೇಲೆ ಕೂರುವ ಕೆಂಪು ಧೂಳಿನ ಬಹುಪಾಲು ದಪ್ಪ ಕಣಗಳು. ಮೂಗಿನ ಕೂದಲು ಮತ್ತು ಸಿಂಬಳ ಅವುಗಳಲ್ಲಿ ಹೆಚ್ಚಿನವನ್ನು ಹಿಡಿದುಹಾಕುತ್ತವೆ. ಸಂಜೆ ಮುಖ ತೊಳೆದಾಗ ಮೂಗಿನಿಂದ ಬರುವ ಕೆಂಪು ಅದೇ. ಹೊಗೆಯ ಕಣ ಒಂದು ಮೈಕ್ರಾನಿಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು. ನಮ್ಮ ತಲೆಗೂದಲಿನ ದಪ್ಪ ಎಪ್ಪತ್ತು ಮೈಕ್ರಾನಿನ ಆಸುಪಾಸು. ಇಷ್ಟು ಸಣ್ಣದನ್ನು ಮೂಗು ತಡೆಯಲಾರದು. ಅದು ರಕ್ತಕ್ಕೆ ಆಮ್ಲಜನಕ ಸೇರುವ ಗಾಳಿಚೀಲಗಳವರೆಗೂ ಹೋಗುತ್ತದೆ.

ಇನ್ನೊಂದು ಸಂಗತಿ ಗಣಿನಾಡಿನವರಿಗೆ ಹೆಚ್ಚು ಮುಖ್ಯವಾದದ್ದು. ಶ್ವಾಸನಾಳದ ಒಳಗೋಡೆಯ ಮೇಲೆ ಸೂಕ್ಷ್ಮ ರೋಮಗಳಿವೆ. ಗಾಳಿಗೆ ಭತ್ತದ ಗದ್ದೆ ಅಲೆಯಾಡುವಂತೆ ಅವು ಒಂದೇ ದಿಕ್ಕಿಗೆ ಬೀಸುತ್ತಾ, ಒಳಗೆ ಸೇರಿದ ಧೂಳನ್ನು ಕಫದ ಜೊತೆಗೆ ಗಂಟಲಿಗೆ ಸಾಗಿಸುತ್ತವೆ. ತಂಬಾಕಿನ ಹೊಗೆ ಈ ರೋಮಗಳನ್ನೇ ನಿಶ್ಚೇಷ್ಟಗೊಳಿಸುತ್ತದೆ. ಕಸ ಹೆಚ್ಚು ಬೀಳುವ ಬೀದಿಯಲ್ಲೇ ಕಸ ಗುಡಿಸುವವರನ್ನು ಕಳೆದುಕೊಂಡಂತೆ. ಆದ್ದರಿಂದ ಧೂಳಿದೆ ಎಂಬುದು ಬೀಡಿಗೆ ಸಮರ್ಥನೆಯಾಗಲಾರದು. ಧೂಳಿನ ಊರಿನಲ್ಲಿ ಹೊಗೆಯನ್ನು ಇನ್ನಷ್ಟು ದೂರ ಇಡಬೇಕು. ಗಣಿ, ಕಲ್ಲುಪುಡಿ ಘಟಕಗಳಲ್ಲಿ ಸಿಲಿಕಾ ಧೂಳಿನ ನಡುವೆ ದುಡಿಯುವವರಿಗಂತೂ ಎರಡೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಮತ್ತಷ್ಟು ಹೆಚ್ಚು.

ಸೇದುವವನ ಪಾಲಿಗಿಂತ ಕೋಣೆಯ ಪಾಲೇ ದೊಡ್ಡದು ಎಂದರೆ ಅನೇಕರು ನಂಬುವುದಿಲ್ಲ. ಒಂದು ಸಿಗರೇಟಿಗೆ ಸುಮಾರು ಹತ್ತು ದಮ್ಮು, ಒಂದೊಂದಕ್ಕೆ ಎರಡು ಸೆಕೆಂಡು ಎಂದುಕೊಳ್ಳಿ. ಒಟ್ಟು ಇಪ್ಪತ್ತು ಸೆಕೆಂಡು. ಉಳಿದ ಹಲವು ನಿಮಿಷ ಅದು ಬೆರಳಿನ ನಡುವೆ ಕೋಣೆಗಾಗಿಯೇ ಉರಿಯುತ್ತದೆ. ದಮ್ಮು ಎಳೆದಾಗ ತುದಿಯ ಕೆಂಡ ನಿಗಿನಿಗಿಯಾಗಿ ತಂಬಾಕು ಹೆಚ್ಚು ಪೂರ್ತಿಯಾಗಿ ಸುಡುತ್ತದೆ. ಸುಮ್ಮನೆ ಹಿಡಿದಿದ್ದಾಗ ಶಾಖ ಕಡಿಮೆ, ದಹನ ಅರೆಬರೆ. ಅರೆಬೆಂದ ಸೌದೆ ಕಣ್ಣುರಿಸುವಂತೆ ಆ ಹೊಗೆಯಲ್ಲಿ ವಿಷದ ಪ್ರಮಾಣ ಹೆಚ್ಚು. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕಗಳು. ಬೀಡಿಯ ಕಥೆ ಕೊಂಚ ಬೇರೆ: ಅದರ ಎಲೆಯಲ್ಲಿ ಗಾಳಿಯಾಡುವುದು ಕಡಿಮೆ, ಬಿಟ್ಟರೆ ಆರಿಹೋಗುತ್ತದೆ. ಹಾಗಾಗಿ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಸೇದುವವರ ಎದೆಗೆ ಅದು ಸಿಗರೇಟಿಗಿಂತ ಸೌಮ್ಯ ಎಂಬ ನಂಬಿಕೆ ನಮ್ಮ ಕಡೆ ಬಹಳ ಇದೆ, ಅದು ತಪ್ಪು.

ಸೇದದವರಿಗೂ ಕ್ಯಾನ್ಸರ್ ಬರಬಹುದೆಂಬುದಕ್ಕೆ ಮೊದಲ ಬಲವಾದ ಸಾಕ್ಷ್ಯಗಳಲ್ಲೊಂದು ಜಪಾನಿನಿಂದ ಬಂತು. ತಕೇಶಿ ಹಿರಾಯಾಮಾ ಎಂಬ ವೈದ್ಯವಿಜ್ಞಾನಿ, ಸ್ವತಃ ಧೂಮಪಾನ ಮಾಡದ 91,540 ವಿವಾಹಿತ ಮಹಿಳೆಯರ ಆರೋಗ್ಯವನ್ನು 14 ವರ್ಷ ಗಮನಿಸಿ 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ 20 ಅಥವಾ ಹೆಚ್ಚು ಸಿಗರೇಟು ಸೇದುವ ಗಂಡಂದಿರ ಹೆಂಡತಿಯರು ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಪ್ರಮಾಣ, ಸೇದದವರ ಹೆಂಡತಿಯರದಕ್ಕಿಂತ ಸುಮಾರು ಎರಡು ಪಟ್ಟಿತ್ತು. ತಂಬಾಕು ಕಂಪನಿಗಳು ಆ ಅಧ್ಯಯನವನ್ನು ಹೀಗಳೆಯಲು ವರ್ಷಗಟ್ಟಲೆ ಶ್ರಮಿಸಿದವು. ನಂತರದ ಅಧ್ಯಯನಗಳು ಹಿರಾಯಾಮಾ ತೋರಿಸಿದ ದಿಕ್ಕನ್ನೇ ಖಚಿತಪಡಿಸಿದವು.

"ಕಿಟಕಿ ತೆಗೆದಿದೆಯಲ್ಲ, ಫ್ಯಾನೂ ತಿರುಗುತ್ತಿದೆ" ಎಂಬುದು ಕಚೇರಿಗಳಲ್ಲಿ ಕೇಳುವ ಮತ್ತೊಂದು ಮಾತು. ಸೀಲಿಂಗ್ ಫ್ಯಾನ್ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಕೋಣೆಯ ಎಲ್ಲರಿಗೂ ಹಂಚುತ್ತದೆ. ಕಿಟಕಿಯ ಲೆಕ್ಕವನ್ನು ಹೀಗೆ ನೋಡಿ. ಒಂದು ಕೊಡ ಉಪ್ಪುನೀರಿಗೆ ಮೇಲಿನಿಂದ ಸಿಹಿನೀರು ಸುರಿಯುತ್ತಾ, ಬಾಯಿಂದ ಹೊರಚೆಲ್ಲಲು ಬಿಡಿ. ಪೂರ್ತಿ ಒಂದು ಕೊಡ ಸಿಹಿನೀರು ಸುರಿದ ಮೇಲೂ ಮೂರನೇ ಒಂದು ಪಾಲಿಗಿಂತ ಹೆಚ್ಚು ಉಪ್ಪು ಒಳಗೇ ಇರುತ್ತದೆ, ಏಕೆಂದರೆ ಚೆಲ್ಲುವುದು ಬೆರೆತ ನೀರು. ಗಾಳಿಯದ್ದೂ ಇದೇ ಲೆಕ್ಕ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಹೊಗೆ ಹೋಗಬೇಕಾದರೆ ಸುಮಾರು ನಾಲ್ಕೂವರೆ ಕೋಣೆಯಷ್ಟು ಹೊಸ ಗಾಳಿ ಬರಬೇಕು. ಅಷ್ಟರಲ್ಲಿ ಮತ್ತೊಂದು ಬೀಡಿ ಹತ್ತಿರುತ್ತದೆ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಝಳ ಒಳಗೆ ಬಾರದಿರಲೆಂದು ಕಿಟಕಿ ಮುಚ್ಚುವವರೇ ಎಲ್ಲರೂ. ಕಚೇರಿಯ ಒಂದು ಮೂಲೆಯನ್ನು ಸೇದುವವರಿಗೆ ಬಿಟ್ಟುಕೊಡುವ ಏರ್ಪಾಡು ನಿಲ್ಲಲಾರದು ಎಂದು ನಾನು ಹೇಳುವುದು ಇದಕ್ಕೇ. ಗಾಳಿಗೆ ಮೂಲೆ ಎಂಬುದಿಲ್ಲ.

ನಮ್ಮ ಮಕ್ಕಳಿಗೆ ಇದನ್ನು ತೋರಿಸಿದ್ದು ಒಂದೇ ಒಂದು ಊದಿನಕಡ್ಡಿಯಿಂದ. (ಅದರ ಹೊಗೆಯೂ ಎದೆಗೆ ಒಳ್ಳೆಯದಲ್ಲ, ಹಾಗಾಗಿ ಒಂದೇ ಕಡ್ಡಿ.) ಶಿಕ್ಷಕರ ಕೊಠಡಿಯಲ್ಲಿ ಅದನ್ನು ಹಚ್ಚಿ ಬಾಗಿಲು ಎಳೆದುಕೊಂಡೆ. ಪಕ್ಕದ ತರಗತಿಯಲ್ಲಿ, ಆಚೆಯ ಗ್ರಂಥಾಲಯದಲ್ಲಿ, ವರಾಂಡದ ತುದಿಯ ಬಿಸಿಯೂಟದ ಕೋಣೆಯ ಬಳಿ ಮಕ್ಕಳು ನಿಂತಿದ್ದರು. ವಾಸನೆ ಬಂದ ಕೂಡಲೇ ಕೈ ಎತ್ತಬೇಕು. ಪಕ್ಕದ ತರಗತಿಯ ಕೈಗಳು ಬೇಗನೆ ಎದ್ದವು. ಗ್ರಂಥಾಲಯದ್ದು ನಂತರ. ಕೊನೆಗೆ ವರಾಂಡದ ತುದಿಯಲ್ಲಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮೆಲ್ಲಗೆ ಕೈ ಎತ್ತಿ, "ಸರ್, ಬಾಗಿಲು ಹಾಕಿದ್ದೀರಲ್ಲ?" ಎಂದು ಕೇಳಿದಳು. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಗಾಳಿ ಉಸಿರಾಡುತ್ತಾರೆ, ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಆಸ್ತಮಾ ಉಲ್ಬಣ, ಕಿವಿಯ ಸೋಂಕು, ನ್ಯುಮೋನಿಯಾ ಇವೆಲ್ಲವೂ ಹೊಗೆಯಿರುವ ಕಡೆ ಬೆಳೆಯುವ ಮಕ್ಕಳಲ್ಲಿ ಹೆಚ್ಚು.

ಕಾನೂನು ಹೊಸದೇನಲ್ಲ. 2001ರಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ತಡೆಯಲು ನಿರ್ದೇಶನ ನೀಡಿತು, 2003ರಲ್ಲಿ ಕೋಟ್ಪಾ ಎಂಬ ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆ ಬಂತು, 2008ರ ಅಕ್ಟೋಬರ್ 2ರಿಂದ ಬಿಗಿಯಾದ ನಿಯಮಗಳು ಜಾರಿಯಾದವು. ಶಾಲಾ ಕಾಲೇಜುಗಳ ಸುತ್ತ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ. 2024ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ತನ್ನ ನೌಕರರು ಕಚೇರಿ ಮತ್ತು ಆವರಣದಲ್ಲಿ ಯಾವ ರೂಪದಲ್ಲೂ ತಂಬಾಕು ಸೇವಿಸಬಾರದೆಂದು ಸುತ್ತೋಲೆ ಹೊರಡಿಸಿತು. ಕರ್ನಾಟಕದ ತಿದ್ದುಪಡಿ ಕಾಯ್ದೆ ದಂಡವನ್ನು 200ರಿಂದ 1,000 ರೂಪಾಯಿಗೆ, ಕೊಳ್ಳುವವರ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ಸಿಗರೇಟನ್ನು ಒಂದೊಂದಾಗಿ ಮಾರುವುದನ್ನೂ ನಿಷೇಧಿಸಿದೆ. ಈ ಕೊನೆಯದು ನನಗೆ ಬಹಳ ಮುಖ್ಯವೆನಿಸುತ್ತದೆ. ಹುಡುಗರು ಕಲಿಯುವುದು ಪ್ಯಾಕಿನಿಂದಲ್ಲ, ಶಾಲೆಯ ದಾರಿಯ ಡಬ್ಬಾ ಅಂಗಡಿಯಲ್ಲಿ ಕೊಳ್ಳುವ ಒಂದೇ ಒಂದರಿಂದ.

ನಿಯಮ ಕಾಗದದಿಂದ ಕೆಳಗಿಳಿದಲ್ಲಿ ಫಲ ಬೇಗ ಕಾಣುತ್ತದೆ. ಸ್ಕಾಟ್ಲೆಂಡ್ 2006ರ ಮಾರ್ಚಿನಲ್ಲಿ ಮುಚ್ಚಿದ ಸಾರ್ವಜನಿಕ ಸ್ಥಳಗಳಲ್ಲೆಲ್ಲ ಹೊಗೆ ನಿಷೇಧಿಸಿತು. ಒಂಬತ್ತು ಆಸ್ಪತ್ರೆಗಳ ದಾಖಲೆ ನೋಡಿದಾಗ, ಹೃದಯಾಘಾತದಂಥ ತುರ್ತು ಸ್ಥಿತಿಯಲ್ಲಿ ದಾಖಲಾಗುವವರು ಹಿಂದಿನ ವರ್ಷದ ಅದೇ ಹತ್ತು ತಿಂಗಳಿಗಿಂತ ಶೇ 17ರಷ್ಟು ಕಡಿಮೆಯಾಗಿದ್ದರು. ಹಾಗೆ ಕಡಿಮೆಯಾದವರಲ್ಲಿ ಮೂರರಲ್ಲಿ ಎರಡು ಪಾಲು ಧೂಮಪಾನ ಮಾಡದವರು! ಕ್ಯಾನ್ಸರಿಗೆ ದಶಕಗಳು ಬೇಕು, ಹೃದಯಕ್ಕೆ ಹಾಗಲ್ಲ. ಅರ್ಧ ಗಂಟೆ ಬೇರೆಯವರ ಹೊಗೆಯಲ್ಲಿ ಕುಳಿತರೂ ಹೃದಯದ ರಕ್ತನಾಳಗಳ ಹಿಗ್ಗುವ ಶಕ್ತಿ ಕುಗ್ಗುತ್ತದೆ.

ನಮ್ಮ ಕಚೇರಿ, ಶಾಲೆಗಳ ಗೋಡೆಯ ಮೇಲೆ "ಇಲ್ಲಿ ಧೂಮಪಾನ ಮಾಡುವುದು ಅಪರಾಧ" ಎಂಬ ಫಲಕ ಇರುತ್ತದೆ. ದೂರು ಯಾರಿಗೆ ಕೊಡಬೇಕೆಂದು ಹೆಸರನ್ನೂ ಬರೆಯಬೇಕೆಂಬುದು ನಿಯಮ. ಬಹಳಷ್ಟು ಕಡೆ ಆ ಜಾಗ ಖಾಲಿ. ನನ್ನ ಪ್ರಕಾರ ಇಡೀ ನೀತಿ ನಿಂತಿರುವುದು ಆ ಖಾಲಿ ಗೆರೆಯ ಮೇಲೆ. ನಿಯಮದಂತೆ ಸಂಸ್ಥೆಯ ಮುಖ್ಯಸ್ಥರೇ ಹೊಣೆ, ಅವರು ಕ್ರಮ ಕೈಗೊಳ್ಳದಿದ್ದರೆ ದಂಡ ಅವರಿಗೂ ಇದೆ. ಬೂದಿಬಟ್ಟಲು ಇಡುವುದೂ ತಪ್ಪು. ಹಾಗೆಯೇ ಸೇದುವವರನ್ನು ಬೈದು ಪ್ರಯೋಜನವಿಲ್ಲ. ನಿಕೋಟಿನ್ ಮಿದುಳನ್ನು ಹಿಡಿಯುವ ವ್ಯಸನ, ಬಿಡುವುದಕ್ಕೆ ಜೊತೆ ಬೇಕು. 1800 11 2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿದರೆ ಹಣವಿಲ್ಲದೆ ಸಲಹೆ ಸಿಗುತ್ತದೆ. ಆ ನಂಬರನ್ನೂ ಫಲಕದ ಪಕ್ಕದಲ್ಲೇ ಬರೆಯಬಾರದೇಕೆ?

ಸೇವಾ ಪುಸ್ತಕದ ಕೆಲಸಕ್ಕಾಗಿ ಮತ್ತೊಮ್ಮೆ ಆ ಕಚೇರಿಗೆ ಹೋದಾಗ ಕಡತಗಳ ಕೋಣೆಯ ಮೇಜಿನ ಮೇಲೆ ಬೂದಿಬಟ್ಟಲು ಇರಲಿಲ್ಲ. ಹೊಸ ಅಧಿಕಾರಿ ಎತ್ತಿಸಿದ್ದರಂತೆ. ಹಿರಿಯರು ಗೇಟಿನ ಆಚೆಗಿನ ಬೇವಿನ ಮರದ ಕೆಳಗೆ ಸಿಕ್ಕರು. "ಬಿಟ್ಟಿಲ್ಲ ಸರ್" ಎಂದರು ಸಂಕೋಚದಿಂದ. "ಆದರೆ ಈ ಬಿಸಿಲಿನಲ್ಲಿ ಇಲ್ಲಿಯವರೆಗೆ ನಡೆದು ಬರಲು ಬೇಸರ. ಕಟ್ಟು ಒಂದೇ ದಿನಕ್ಕೆ ಮುಗಿಯುತ್ತಿತ್ತು, ಈಗ ಎರಡು ದಿನಕ್ಕೆ ಬರುತ್ತಿದೆ." ಕೆಲಸದ ಜಾಗ ಹೊಗೆಮುಕ್ತವಾದಾಗ ಸೇದುವವರೂ ದಿನಕ್ಕೆ ಸರಾಸರಿ ಮೂರು ಸಿಗರೇಟು ಕಡಿಮೆ ಮಾಡುತ್ತಾರೆಂದು 26 ಅಧ್ಯಯನಗಳನ್ನು ಒಟ್ಟುಗೂಡಿಸಿದ 2002ರ ವಿಶ್ಲೇಷಣೆಯೊಂದು ಹೇಳಿತ್ತು, ಅದನ್ನು ಅವರಿಗೆ ಹೇಳಿದೆ. ಸಹಾಯವಾಣಿಯ ನಂಬರನ್ನು ಅವರು ಬೀಡಿ ಕಟ್ಟಿನ ಕಾಗದದ ಮೇಲೆಯೇ ಬರೆಸಿಕೊಂಡರು.