ರಾಜುವಿನ ತಟ್ಟೆಯಿಂದ ತೆಗೆಯಬೇಕಾದ್ದು ಮೊಟ್ಟೆಯಲ್ಲ

ನಮ್ಮ ರಾಜುವಿಗೆ ಈಗ 12 ವರ್ಷ. ಮುಂಬಯಿಯ ಮುಲುಂಡ್‌ನ ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಮರಿಯಾಗಿ ಸಿಕ್ಕ ಬೀದಿನಾಯಿ. 15 ಕಿಲೋ ಇದ್ದವನು ಹೋದ ಮಳೆಗಾಲದಲ್ಲಿ 18 ಕಿಲೋ ಆದ. ಆದರೆ ಬೆನ್ನ ಮೇಲೆ ಕೈ ಆಡಿಸಿದರೆ ಮೂಳೆ ಸಿಗುತ್ತಿತ್ತು. ಹಿಂಗಾಲಿನ ತೊಡೆ ಸೊರಗಿತ್ತು. ಹೊಟ್ಟೆ ಮಾತ್ರ ದಪ್ಪ.

ತೂಕ ಏರಿದರೂ ಮಾಂಸಖಂಡ ಕರಗಬಹುದು. ಮನುಷ್ಯರಲ್ಲೂ ಹೀಗಾಗುತ್ತದೆ, ನಾಯಿಯಲ್ಲೂ ಆಗುತ್ತದೆ. ವಯಸ್ಸಾದ ದೇಹ ತಿಂದ ಪ್ರೊಟೀನನ್ನು ಮಾಂಸಖಂಡವಾಗಿ ಮಾಡಿಕೊಳ್ಳುವುದರಲ್ಲಿ ಹಿಂದೆ ಬೀಳುತ್ತದೆ. ಅಂದರೆ ಮುದಿ ನಾಯಿಗೆ ಪ್ರೊಟೀನ್ ಜಾಸ್ತಿ ಬೇಕು. 1966ರಲ್ಲೇ ಎಳೆಯ ಮತ್ತು ಮುದಿ ನಾಯಿಗಳನ್ನು ಹೋಲಿಸಿದ ಸಂಶೋಧಕರು ಇದನ್ನು ಕಂಡಿದ್ದರು. ದೇಹದ ಪ್ರೊಟೀನ್ ದಾಸ್ತಾನು ಉಳಿಯಲು ಮುದಿ ನಾಯಿಗೆ ಎಳೆಯದಕ್ಕಿಂತ ಹೆಚ್ಚು ಪ್ರೊಟೀನ್ ಬೇಕಾಗಿತ್ತು.

ನಾವು ಮಾಡಿದ್ದು ಇದರ ತಿರುಗುಮುರುಗು. ವಯಸ್ಸಾದ ನಾಯಿಗೆ ಪ್ರೊಟೀನ್ ಕೊಟ್ಟರೆ ಕಿಡ್ನಿ ಹೋಗುತ್ತೆ ಅಂತ ಯಾರೋ ಹೇಳಿದ್ದಕ್ಕೆ ಮೊಟ್ಟೆ, ಮೀನು ನಿಲ್ಲಿಸಿ ಮೊಸರನ್ನ ಹಾಕುತ್ತಾ ಬಂದೆವು. ಈ ನಂಬಿಕೆಯ ಬೇರು ಇಲಿಗಳ ಮೇಲೆ ನಡೆದ ಹಳೆಯ ಪ್ರಯೋಗಗಳಲ್ಲಿದೆ. ಇಲಿಗೆ ಆದದ್ದು ನಾಯಿಗೂ ಆಗುತ್ತದೆ ಎಂದುಕೊಂಡರು. ಆಮೇಲೆ ನಾಯಿಗಳಲ್ಲೇ ನೋಡಿದಾಗ, ಆರೋಗ್ಯವಾಗಿರುವ ಕಿಡ್ನಿಯನ್ನು ಪ್ರೊಟೀನ್ ಕೆಡಿಸುತ್ತದೆ ಎನ್ನಲು ಪುರಾವೆ ಸಿಗಲಿಲ್ಲ. ಕಿಡ್ನಿ ಈಗಾಗಲೇ ಕೆಟ್ಟಿದ್ದರೆ ಮಾತು ಬೇರೆ. ಆಗ ಮೊದಲು ಹಿಡಿತಕ್ಕೆ ತರಬೇಕಾದ್ದು ಊಟದಲ್ಲಿರುವ ರಂಜಕ, ಅಂದರೆ ಫಾಸ್ಫರಸ್. ಪ್ರೊಟೀನ್ ಎಷ್ಟಿರಬೇಕು ಅಂತ ವೈದ್ಯರೇ ಲೆಕ್ಕ ಹಾಕಬೇಕು. ಕಿಡ್ನಿ ಕೆಟ್ಟಿದೆಯೋ ಇಲ್ಲವೋ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಶ ರಕ್ತದಲ್ಲಿ ಏರುವ ಹೊತ್ತಿಗೆ ಕಿಡ್ನಿಯ ಸುಮಾರು ಮುಕ್ಕಾಲು ಶಕ್ತಿ ಹೋಗಿರುತ್ತದೆ. ಅದಕ್ಕೇ ವರ್ಷಕ್ಕೊಮ್ಮೆಯಾದರೂ ರಕ್ತದ ಜೊತೆ ಮೂತ್ರವನ್ನೂ ಪರೀಕ್ಷೆ ಮಾಡಿಸಿ. ರಾಜುವಿನ ಎರಡೂ ಚೆನ್ನಾಗಿದ್ದವು. ಮೊಟ್ಟೆ ವಾಪಸ್ ಬಂತು.

ಹಾಗಾದರೆ ಏನನ್ನು ಕಡಿಮೆ ಮಾಡಬೇಕು? ಕ್ಯಾಲರಿ. ಓಡಾಟ ಕಡಿಮೆಯಾದ ಮುದಿ ನಾಯಿಗೆ ಮೊದಲಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಸಾಕು. ಮುಂಬಯಿ ಮಳೆಯಲ್ಲಿ ನಾಲ್ಕು ತಿಂಗಳು ವಾಕಿಂಗ್ ಕೂಡ ಸರಿಯಾಗಿ ಆಗುವುದಿಲ್ಲ, ಅಲ್ವಾ? 15 ಕಿಲೋ ತೂಕದ ಇಂಥ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 700 ಕ್ಯಾಲರಿ ಸಾಕಾಗುತ್ತದೆ. ಗ್ಲೂಕೋಸ್ ಬಿಸ್ಕತ್ತಿನಲ್ಲಿ 100 ಗ್ರಾಂಗೆ ಸುಮಾರು 450 ಕ್ಯಾಲರಿ ಇದೆ. ನಮ್ಮ ಅತ್ತೆ ಬೆಳಿಗ್ಗೆ ಚಹಾ ಕುಡಿಯುವಾಗ ಮೂರು, ಸಂಜೆ ಮೂರು ಹಾಕುತ್ತಿದ್ದರು. "ಪಾಪ, ವಯಸ್ಸಾಯ್ತು ಅದಕ್ಕೆ. ತಿನ್ಲಿ ಬಿಡು" ಅಂತ. ಒಂದು ಬಿಸ್ಕತ್ತು 5 ಗ್ರಾಂ ಅಂದುಕೊಂಡರೂ ಆರಕ್ಕೆ 135 ಕ್ಯಾಲರಿ ಆಯಿತು. ದಿನದ ಊಟದ ಸುಮಾರು ಐದನೇ ಒಂದು ಭಾಗ! ಮೇಲುತಿಂಡಿ ಹತ್ತನೇ ಒಂದು ಭಾಗ ದಾಟಬಾರದು ಎಂಬುದು ಪಶುವೈದ್ಯರ ಲೆಕ್ಕ. ಈಗ ಅತ್ತೆ ಸೌತೆಕಾಯಿ ಹೋಳು ಕೊಡುತ್ತಾರೆ. ಅವನಿಗೆ ಬೇಕಾದ್ದು ಅವರ ಕೈಯಿಂದ ಏನಾದರೂ ಸಿಗುವುದು, ಅಷ್ಟೇ.

ಮಿತವಾಗಿ ತಿಂದರೆ ಎಷ್ಟು ಲಾಭ? 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ಊಟ ಕೊಟ್ಟು, ಬದುಕಿರುವವರೆಗೂ ನೋಡಿದರು. ಹೆಚ್ಚು ತಿಂದವುಗಳ ಆಯುಸ್ಸಿನ ಮಧ್ಯದ ಅಂಕಿ 11.2 ವರ್ಷ. ಕಡಿಮೆ ತಿಂದವುಗಳದ್ದು 13. ಕೀಲುನೋವೂ ಅವಕ್ಕೆ ತಡವಾಗಿ ಬಂತು. ಸುಮಾರು ಎರಡು ವರ್ಷ ಅಂದರೆ ನಾಯಿ ಸಾಕಿದವರಿಗೆ ಸಣ್ಣ ಮಾತಲ್ಲ.

ಅನ್ನವನ್ನು ಪೂರ್ತಿ ಬಿಡಿಸಬೇಕಾಗಿಲ್ಲ. ನಾಯಿ ತೋಳದ ಜಾತಿ, ಧಾನ್ಯ ಅರಗುವುದಿಲ್ಲ ಅಂತ ಹೆದರಿಸುವವರಿದ್ದಾರೆ. ಪಿಷ್ಟ ಅರಗಿಸುವ ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30 ಇವೆ ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡ ತೋರಿಸಿತು. ಮನುಷ್ಯರ ಎಂಜಲು ತಿನ್ನುತ್ತಾ ನಾಯಿ ನಮ್ಮ ಜೊತೆಗಾರನಾದದ್ದರ ಗುರುತು ಅದರ ಜೀನಿನಲ್ಲೇ ಇದೆ.

ಮೀನಿಗೆ ನಮಗೆ ಬರವಿಲ್ಲ. ಇಲ್ಲಿನವರು ತಾರ್ಲಿ ಅನ್ನುವ ನಮ್ಮ ಬೂತಾಯಿ, ಮತ್ತೆ ಬಂಗುಡೆ, ಇವೆರಡರಲ್ಲೂ ಒಮೆಗಾ-3 ಕೊಬ್ಬು ಚೆನ್ನಾಗಿದೆ. ಕೀಲಿನ ಉರಿಯೂತಕ್ಕೆ ಅದು ಒಳ್ಳೆಯದು. ಉಪ್ಪು ಹಾಕದೆ ಬೇಯಿಸಿ, ಮುಳ್ಳು ತೆಗೆದು ಕೊಡಿ. ಒಣಮೀನು ಬೇಡ, ಉಪ್ಪು ಜಾಸ್ತಿ. ಸಾರಿನಲ್ಲಿ ಉಳಿದ ಮೀನು ಖಂಡಿತ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿಯೂ ಬೇಡ. ಪಾಯಸ ಮಾಡಿದ ದಿನ ನೆನಪಿರಲಿ.

ಹಾಗಂತ ಮನೆಯ ಅಡುಗೆಯೊಂದೇ ಸಾಕಾಗುವುದೂ ಕಷ್ಟ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ನಾಯಿಗೆಂದು ಬರೆದ 200 ಮನೆ ಅಡುಗೆ ಪಾಕಗಳನ್ನು ಪರೀಕ್ಷಿಸಿದಾಗ ಶೇ. 95ರಲ್ಲಿ ಒಂದಾದರೂ ಪೋಷಕಾಂಶ ಕೊರತೆ ಇತ್ತು. ಕೋಳಿ ಮತ್ತು ಅನ್ನದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ನಾವು ಅರ್ಧ ಪ್ಯಾಕೆಟ್ ಆಹಾರ, ಅರ್ಧ ಮನೆಯದು ಮಾಡಿಕೊಂಡಿದ್ದೇವೆ. ಪ್ರಮಾಣ ಹೇಳಿದ್ದು ನಮ್ಮ ಪಶುವೈದ್ಯರು.

ಪ್ಯಾಕೆಟ್ ಮೇಲೆ 'ಸೀನಿಯರ್' ಅಂತ ಇದ್ದ ಮಾತ್ರಕ್ಕೆ ಕೊಳ್ಳಬೇಡಿ. ಅಮೆರಿಕದಲ್ಲಿ ನಾಯಿ ಆಹಾರಕ್ಕೆ ಮಾದರಿ ನಿಯಮ ರೂಪಿಸುವ ಆಫ್ಕೋ ಸಂಸ್ಥೆಯ ಪಟ್ಟಿಯಲ್ಲಿ ಬೆಳೆಯುವ ಮರಿ ಇದೆ, ಬಸುರಿ ನಾಯಿ ಇದೆ, ವಯಸ್ಕ ನಾಯಿ ಇದೆ. ಮುದಿ ನಾಯಿ ಅನ್ನುವ ವರ್ಗವೇ ಇಲ್ಲ. ಹಿಂದೆ ತಿರುಗಿಸಿ ಪ್ರೊಟೀನ್ ಎಷ್ಟು, ನೀರು ಎಷ್ಟು ನೋಡಿ. ಡಬ್ಬಿಯ ಆಹಾರದಲ್ಲಿ ಪ್ರೊಟೀನ್ ಶೇ. 8, ನೀರು ಶೇ. 78 ಅಂತಿದ್ದರೆ, ನೀರು ಕಳೆದ ಮೇಲೆ ಪ್ರೊಟೀನ್ ಶೇ. 36 ಆಗುತ್ತದೆ. ಕಾಳಿನ ಹಾಗಿರುವ ಒಣ ಪ್ಯಾಕೆಟ್ ಆಹಾರದಲ್ಲಿ ಶೇ. 24 ಪ್ರೊಟೀನ್, ಶೇ. 10 ನೀರು ಇದ್ದರೆ ಅದು ಶೇ. 27 ಮಾತ್ರ.

ಇನ್ನೊಂದು, ಇದು ಮುಂಬಯಿಯವರಿಗೆ. ಮಳೆಗಾಲದ ತೇವಕ್ಕೆ ತೆರೆದಿಟ್ಟ ಒಣ ಆಹಾರಕ್ಕೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ನಾಯಿಯ ಲಿವರ್ ಕೆಡಿಸುತ್ತದೆ, ಪ್ರಾಣಕ್ಕೂ ಕುತ್ತು ತರಬಹುದು. ಜೂನ್ ಬಂತೆಂದರೆ ನಾವೀಗ ದೊಡ್ಡ ಚೀಲ ತರುವುದಿಲ್ಲ. ಸಣ್ಣದು ತಂದು ಬಿಗಿ ಮುಚ್ಚಳದ ಡಬ್ಬದಲ್ಲಿ ಇಡುತ್ತೇವೆ. ವಾಸನೆ ಸ್ವಲ್ಪ ಬದಲಾದರೂ ಎಸೆದುಬಿಡುತ್ತೇವೆ. ಗೇಟಿನ ಹತ್ತಿರದ ಬೀದಿನಾಯಿಗಳಿಗೂ ಅದನ್ನು ಹಾಕುವುದಿಲ್ಲ.